ದಿನಕ್ಕೊಂದು ಗುಳಿಗೆ

ಬೆಳಗಿನ ಕಾಫಿ ಮುಗಿಸಿ ಲೋಟ ಕೆಳಗಿಟ್ಟಿದ್ದೀರಿ. ರೇಡಿಯೋದಲ್ಲಿ ವಾರ್ತೆ ಮುಗಿಯುತ್ತ ಬಂದಿದೆ. ಆಗ ತಟ್ಟನೆ ಒಂದು ಸಂದೇಹ ಬರುತ್ತದೆ: ಗುಳಿಗೆ ನುಂಗಿದೆನೋ, ಇಲ್ಲವೋ? ನುಂಗಿದ ನೆನಪಂತೂ ಇದೆ. ಆದರೆ ಆ ನೆನಪು ಇವತ್ತಿನದೋ ನಿನ್ನೆಯದೋ ಹೇಳುವುದು ಹೇಗೆ? ಅದೇ ಲೋಟ, ಅದೇ ನೀರು, ಅದೇ ಬಿಳಿಯ ಚಿಕ್ಕ ಬಿಲ್ಲೆ. ದಿನವೂ ಒಂದೇ ರೀತಿ ಮಾಡುವ ಕೆಲಸಕ್ಕೆ ಮನಸ್ಸು ಪ್ರತ್ಯೇಕ ಲೆಕ್ಕ ಇಡುವುದಿಲ್ಲ. ಮದುವೆಗೆ ಹೋದ ದಿನ ನೆನಪಿರುತ್ತದೆ. ಬಾಗಿಲಿಗೆ ಚಿಲಕ ಹಾಕಿದ್ದು ನೆನಪಿರುವುದಿಲ್ಲ.

ರಕ್ತದ ಒತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುವ ಯಾರನ್ನಾದರೂ ಕೇಳಿ ನೋಡಿ, ಈ ಪೇಚಾಟವನ್ನು ಒಪ್ಪಿಕೊಳ್ಳುತ್ತಾರೆ. ನಾನೂ ಆ ಗುಂಪಿಗೆ ಸೇರಿದವನೇ. ಇದು ಸಣ್ಣ ವಿಷಯವೆಂದು ನಗಬಹುದು. ಆದರೆ ಈ ಸಣ್ಣ ವಿಷಯಕ್ಕೂ ಒಂದು ಚರಿತ್ರೆಯಿದೆ. ಅದರಲ್ಲಿ ಒಬ್ಬ ರಾಷ್ಟ್ರಾಧ್ಯಕ್ಷರ ಮರಣವಿದೆ, ನಮ್ಮ ಕಾಡಿನ ಒಂದು ಬೇರು ಇದೆ, ಉಕ್ಕಿನ ಕಾರ್ಖಾನೆಯ ಕೂಲಿಗಾರರಿದ್ದಾರೆ, ಗಂಡ ಹೆಂಡಿರ ಒಂದು ಜಗಳವೂ ಇದೆ.

ನಮ್ಮ ಹಿರಿಯರಿಗೆ ಔಷಧವೆಂದರೆ ಅದಕ್ಕೊಂದು ಕೊನೆಯಿತ್ತು. ಪಂಡಿತರು ಒಂದು ಮಂಡಲ ಕಷಾಯ ಕುಡಿಯಬೇಕೆಂದರೆ ನಲವತ್ತೆಂಟು ದಿನ ಕುಡಿದು, ಪಥ್ಯ ಮಾಡಿ, ನಲವತ್ತೊಂಬತ್ತನೆಯ ದಿನ ಪಥ್ಯ ಬಿಟ್ಟು ಹೋಳಿಗೆ ಊಟ ಮಾಡುತ್ತಿದ್ದರು. ಜ್ವರ ಬಂದಾಗ ಮದ್ದು, ಜ್ವರ ಬಿಟ್ಟಾಗ ಮದ್ದೂ ಬಿಟ್ಟಿತು. ನೋವು ತಾನೇ ನೆನಪು ಮಾಡಿಕೊಡುತ್ತಿತ್ತು. ನೋವೇ ಇಲ್ಲದ ಕಾಯಿಲೆಗೆ, ಆಯುಷ್ಯ ಇರುವಷ್ಟು ದಿನವೂ, ದಿನಕ್ಕೊಂದು ಮದ್ದು ಎಂಬ ಕಲ್ಪನೆ ಮನುಷ್ಯನಿಗೆ ಹೊಸದು. ಅದಕ್ಕೆ ಇನ್ನೂ ನೂರು ವರ್ಷವೂ ತುಂಬಿಲ್ಲ.

ಒತ್ತಡವನ್ನು ಅಳೆಯುವುದು ಮಾತ್ರ ಅದಕ್ಕಿಂತ ಹಳೆಯದು. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬಾತ ಒಂದು ಹೆಣ್ಣುಕುದುರೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿ, ರಕ್ತವು ಎಂಟು ಅಡಿಗೂ ಮೇಲಕ್ಕೆ ಏರಿದ್ದನ್ನು ಬರೆದಿಟ್ಟ. ಕುದುರೆಯ ಗತಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಮನುಷ್ಯರನ್ನು ಹೀಗೆ ಅಳೆಯಲು ಸಾಧ್ಯವಿರಲಿಲ್ಲ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನೂ ಪಾದರಸದ ಕಂಬವನ್ನೂ ಕಂಡುಹಿಡಿದ ಮೇಲೆ, 1905ರಲ್ಲಿ ರಷ್ಯದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳಿದ ಮೇಲೆ, ಈ ಅಳತೆ ಎಲ್ಲ ವೈದ್ಯರ ಕೈಗೂ ಬಂತು. ಇಂದು ವೈದ್ಯರು 120, 80 ಎಂದು ಹೇಳುವ ಎರಡು ಸಂಖ್ಯೆಗಳು ಆ ಸದ್ದು ಹುಟ್ಟಿದ ಮತ್ತು ಅಡಗಿದ ಜಾಗಗಳು.

ಅಳೆದದ್ದೇನೋ ಆಯಿತು, ಮುಂದೆ? ಅಮೆರಿಕದ ಜೀವವಿಮಾ ಕಂಪನಿಗಳು ಬಹುಬೇಗ ಒಂದು ಮಾತನ್ನು ಕಂಡುಕೊಂಡವು: ಒತ್ತಡ ಹೆಚ್ಚಿರುವವನು ಬೇಗ ಸಾಯುತ್ತಾನೆ, ಅವನಿಗೆ ಪಾಲಿಸಿ ಕೊಟ್ಟರೆ ನಷ್ಟ. ಹಣದ ಲೆಕ್ಕಕ್ಕೆ ಕಾಣಿಸಿದ್ದು ವೈದ್ಯಶಾಸ್ತ್ರಕ್ಕೆ ತಡವಾಗಿ ಕಾಣಿಸಿತು. ವಯಸ್ಸಾದಂತೆ ರಕ್ತನಾಳಗಳು ಗಡುಸಾಗುತ್ತವೆ, ಅವುಗಳಲ್ಲಿ ರಕ್ತ ಹರಿಯಬೇಕಾದರೆ ಒತ್ತಡ ಹೆಚ್ಚಬೇಕಾದದ್ದು ಸಹಜ, ಅದನ್ನು ಇಳಿಸಲು ಹೋಗುವುದೇ ಅಪಾಯ ಎಂದು 1930ರ ಸುಮಾರಿನಲ್ಲಿ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು.

ಆ ನಂಬಿಕೆಯ ಬೆಲೆ ಏನೆಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಥೆಯೇ ಸಾಕ್ಷಿ. 1944ರ ಮಾರ್ಚಿಯಲ್ಲಿ ಹೃದಯತಜ್ಞ ಹೋವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ಅವರ ಒತ್ತಡ 186ಕ್ಕೆ 108 ಇತ್ತು. ಹೃದಯ ಆಗಲೇ ಸೋಲತೊಡಗಿತ್ತು. ಕೊಡಲು ಏನಿತ್ತು? ಡಿಜಿಟಾಲಿಸ್, ಉಪ್ಪು ಕಡಿಮೆ ಮಾಡಿದ ಊಟ, ವಿಶ್ರಾಂತಿ, ನಿದ್ದೆ ತರುವ ಔಷಧ. ಯುದ್ಧದ ನಡುವೆ ವಿಶ್ರಾಂತಿ ಎಲ್ಲಿ ಬಂತು! 1945ರ ಏಪ್ರಿಲ್ 12ರಂದು ಜಾರ್ಜಿಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರರೊಬ್ಬರ ಮುಂದೆ ಕುಳಿತಿದ್ದಾಗ ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದರು. ಆಗ ಅಳೆದ ಒತ್ತಡ 300ಕ್ಕೆ 190. ಆ ಮಧ್ಯಾಹ್ನವೇ ತೀರಿಕೊಂಡರು; 63 ವರ್ಷ. ಪ್ರಪಂಚದಲ್ಲೇ ಹೆಚ್ಚು ಕಾವಲಿನಲ್ಲಿದ್ದ ಒಬ್ಬ ಮನುಷ್ಯನಿಗೆ, ಇಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುವ ಗುಳಿಗೆ ದೊರೆಯಲಿಲ್ಲ. ಅದು ಇರಲೇ ಇಲ್ಲ.

ಆ ಕಾಲದಲ್ಲಿ ಇದ್ದ ಚಿಕಿತ್ಸೆಗಳೆಂದರೆ ಮರೆಯಲು ಸಾಧ್ಯವೇ ಇಲ್ಲದಂಥವು. ಬೆನ್ನು ಸೀಳಿ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಒಂದು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ಜರ್ಮನ್ ವೈದ್ಯರು ಕೊಡುತ್ತಿದ್ದ ಅನ್ನದ ಪಥ್ಯ ಇನ್ನೊಂದು: ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆ, ಅಷ್ಟೇ. ಇದರ ಬಗ್ಗೆ ಒಂದು ಸ್ವಾರಸ್ಯವಾದ ಸಂಗತಿ ಉಂಟು. ಹಳ್ಳಿಯ ಹೆಂಗಸೊಬ್ಬಳಿಗೆ ಎರಡು ವಾರ ಈ ಪಥ್ಯ ಮಾಡಿ ಬರುವಂತೆ ಹೇಳಿದ್ದರು. ಆಕೆ ವೈದ್ಯರ ಉಚ್ಚಾರಣೆ ತಿಳಿಯದೆ ಎರಡು ತಿಂಗಳು ಮಾಡಿಕೊಂಡು ಬಂದಳು. ನೋಡಿದರೆ ಒತ್ತಡ ಚೆನ್ನಾಗಿ ಇಳಿದಿತ್ತು! ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಪಾಲಿಸಿದ ರೋಗಿಗಳು ಚರಿತ್ರೆಯಲ್ಲಿ ಅಪರೂಪ. ಆಕೆಗೆ ನಮಸ್ಕಾರ ಸಲ್ಲಬೇಕು.

ಇನ್ನು ನಮ್ಮ ನಾಡಿನ ಬೇರಿನ ಕಡೆ ಬರೋಣ. ಸರ್ಪಗಂಧ ಎಂಬ ಗಿಡವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು; ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುತ್ತದೆ. ಹಾವು ಕಚ್ಚಿದ್ದಕ್ಕೆ, ನಿದ್ದೆ ಬಾರದ್ದಕ್ಕೆ, ಹುಚ್ಚು ಕೆರಳಿದ್ದಕ್ಕೆ ಇದರ ಬೇರನ್ನು ನಾಟಿ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ಚಿತ್ತವಿಕಾರಕ್ಕೂ ಹೆಚ್ಚಿದ ರಕ್ತದ ಒತ್ತಡಕ್ಕೂ ಒದಗುವ ಮದ್ದೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ಕೆಲವು ಸತ್ತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟು ಅಜ್ಮಲೀನ್ ಎಂದು ಕರೆದರು. ಹೊರಗಿನವರು ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 50 ಮಂದಿ ರೋಗಿಗಳಿಗೆ ಈ ಬೇರನ್ನು ಕೊಟ್ಟು ಕಂಡ ಫಲವನ್ನು ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅದನ್ನು ಓದಿ ತಾವೂ ಪ್ರಯೋಗಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪಾರಿತೋಷಕ ಬಂತು.

ರಿಸರ್ಪಿನ್ ದೋಷವಿಲ್ಲದ ಮದ್ದಾಗಿರಲಿಲ್ಲ. ಮೂಗು ಕಟ್ಟುತ್ತಿತ್ತು, ಕೆಲವರಿಗೆ ಮನಸ್ಸು ಕುಗ್ಗುತ್ತಿತ್ತು. ಮುಂದೆ ಅದು ಹಿಂದೆ ಸರಿದದ್ದು ಇದರಿಂದಲೇ. ಆದರೂ ಅದಕ್ಕೊಂದು ಗುಣವಿತ್ತು. ಅದೇ ಕಾಲದಲ್ಲಿ ಬಂದಿದ್ದ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ದಿನಕ್ಕೆ ಹಲವು ಬಾರಿ ಸೂಜಿಯಿಂದ ಹಾಕಿಸಿಕೊಳ್ಳಬೇಕಾಗಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಸರ್ಪಗಂಧವಾದರೋ ಬಾಯಿಂದ ನುಂಗುವುದು, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದು. ಒಂದು ಹೊತ್ತು ಮರೆತರೆ ಕ್ಷಮಿಸುವ ಮದ್ದು! 1958ರಲ್ಲಿ ಮೂತ್ರದ ಮೂಲಕ ಉಪ್ಪನ್ನು ಹೊರಹಾಕಿಸುವ ಕ್ಲೋರೊಥಯಾಜೈಡ್ ಎಂಬ ಗುಳಿಗೆ ಬಂದ ಮೇಲೆ, ಗುಳಿಗೆಯಿಂದಲೇ ಒತ್ತಡವನ್ನು ಹಿಡಿತದಲ್ಲಿಡಬಹುದೆಂಬ ಧೈರ್ಯ ಹುಟ್ಟಿತು.

ಆದರೆ ಒತ್ತಡ ಇಳಿಸಿದರೆ ಆಯುಷ್ಯ ಉಳಿಯುತ್ತದೆಯೇ? ಇದನ್ನು ತೋರಿಸಿಕೊಟ್ಟವರು ಅಮೆರಿಕದ ಎಡ್ವರ್ಡ್ ಫ್ರೈಸ್. ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಅವರು ನಡೆಸಿದ ಪರೀಕ್ಷೆಯ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಮ್ಮ ಮರೆವಿನ ಪ್ರಶ್ನೆ ಅಲ್ಲಿ ವಿಜ್ಞಾನದ ಕಣ್ಣಿಗೆ ಬಿತ್ತು. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಔಷಧ, ಇನ್ನೊಂದಕ್ಕೆ ಸತ್ತ್ವವಿಲ್ಲದ ಬಿಲ್ಲೆ ಕೊಡಬೇಕಾಗಿತ್ತು. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಆದರೆ ನಿಜವಾದ ಔಷಧ ಪಡೆದವನು ಅದನ್ನು ನುಂಗದೆ ಜೇಬಿನಲ್ಲಿಟ್ಟುಕೊಂಡರೆ ಪರೀಕ್ಷೆಯೇ ಹಾಳು. ಅದಕ್ಕಾಗಿ ಫ್ರೈಸರು ಮೊದಲೇ ಒಂದು ಉಪಾಯ ಮಾಡಿದರು. ಎಲ್ಲರಿಗೂ ಸತ್ತ್ವವಿಲ್ಲದ ಬಿಲ್ಲೆಗಳನ್ನೇ ಕೊಟ್ಟು, ಅವುಗಳಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ತ್ವವನ್ನು ಸೇರಿಸಿದರು. ರೋಗಿ ಮತ್ತೆ ಬಂದಾಗ ಅವನ ಮೂತ್ರವನ್ನು ನೇರಳಾತೀತ ಬೆಳಕಿನಲ್ಲಿ ಹಿಡಿದು ನೋಡುವುದು. ನುಂಗಿದ್ದರೆ ಅದು ಹೊಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಜೊತೆಗೆ ಸೀಸೆಯಲ್ಲಿ ಉಳಿದ ಬಿಲ್ಲೆಗಳನ್ನು ಎಣಿಸುವುದು. ಹೀಗೆ ನಂಬಲಾಗದವರನ್ನು ಮೊದಲೇ ಕೈಬಿಟ್ಟರು. ರೋಗಿಗಳು ಮದ್ದು ಕುಡಿದೆವೆಂದು ಸುಳ್ಳು ಹೇಳುವುದುಂಟು, ಎಚ್ಚರವಾಗಿರಿ ಎಂದು ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಗ್ರೀಕ್ ಬರಹಗಳಲ್ಲೇ ಎಚ್ಚರಿಕೆಯಿದೆ. ಎರಡು ಸಾವಿರ ವರ್ಷದ ಮೇಲೆ ಆ ಸಂದೇಹಕ್ಕೆ ಒಂದು ದೀಪ ದೊರೆಯಿತು.

1967ರಲ್ಲಿ ಫಲಿತಾಂಶ ಪ್ರಕಟವಾಯಿತು. ಒತ್ತಡದ ಕೆಳಗಿನ ಸಂಖ್ಯೆ 115ರಿಂದ 129ರವರೆಗೆ ಇದ್ದ 143 ಮಂದಿ. ಔಷಧವಿಲ್ಲದ 70 ಮಂದಿಯ ಗುಂಪಿನಲ್ಲಿ 27 ಗಂಭೀರ ಅಪಾಯಗಳು, ನಾಲ್ಕು ಸಾವು. ಔಷಧ ನುಂಗಿದ 73 ಮಂದಿಯಲ್ಲಿ ಗಂಭೀರ ಅಪಾಯಗಳು ಎರಡೇ, ಸಾವು ಒಂದೂ ಇಲ್ಲ. ಕೊಟ್ಟ ಔಷಧ ಮೂರು. ಅವುಗಳಲ್ಲಿ ಒಂದು ನಮ್ಮ ಸರ್ಪಗಂಧದ ರಿಸರ್ಪಿನ್. ಇಷ್ಟು ಸ್ಪಷ್ಟವಾದ ಉತ್ತರ ವೈದ್ಯಶಾಸ್ತ್ರದಲ್ಲಿ ಅಪರೂಪ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಿದರೆ ತಪ್ಪಾಗಲಾರದು. ನಮ್ಮ ಸೋದರಮಾವ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು. ಮರೆವೆಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಯಾರ ಮನೆಯ ಶ್ರಾದ್ಧ ಯಾವ ತಿಥಿ ಎಂದು ಊರಿನವರೆಲ್ಲ ಅವರನ್ನೇ ಕೇಳುತ್ತಿದ್ದರು. ಒತ್ತಡಕ್ಕೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ಏಳೆಂಟು ತಿಂಗಳು ತಪ್ಪದೆ ತೆಗೆದುಕೊಂಡರು. ಅಳೆಸಿ ನೋಡಿದರು, ಸರಿಯಾಗಿತ್ತು. “ವಾಸಿಯಾಯಿತಲ್ಲ, ಇನ್ನೇಕೆ ವಿಷ ನುಂಗಲಿ?” ಎಂದು ನಿಲ್ಲಿಸಿಬಿಟ್ಟರು. ಮೈಯಲ್ಲಿ ಏನೂ ತೊಂದರೆಯಿಲ್ಲ. ಗುಳಿಗೆ ಬಿಟ್ಟ ಮೇಲೆ ಇನ್ನೂ ಲವಲವಿಕೆಯಾಗಿದೆ ಎಂದು ನಮ್ಮತ್ತೆಯ ಹತ್ತಿರ ಹೇಳುತ್ತಿದ್ದರು. ಎರಡನೆಯ ವರ್ಷ ಒಂದು ಬೆಳಗ್ಗೆ ಹಜಾರದಲ್ಲಿ ಪಂಚಾಂಗ ತೆಗೆಯಲು ಕೈ ಎತ್ತಿದವರು ಹಾಗೆಯೇ ಕುಸಿದರು. ಬಲಗಡೆ ಪೂರ್ತಿ ಬಿದ್ದುಹೋಯಿತು. ಆಮೇಲೆ ಆರು ವರ್ಷ ಬದುಕಿದ್ದರು. ಎಷ್ಟೋ ತಿಥಿಗಳು ತಲೆಯಲ್ಲಿ ಇದ್ದವೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಅವರು ಮರೆಯಲಿಲ್ಲ, ನಿರ್ಧಾರ ಮಾಡಿದರು. ಈ ಎರಡೂ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಒತ್ತಡ ಸರಿಯಾಗಿತ್ತು, ನಿಜ. ಗುಳಿಗೆ ಇದ್ದುದರಿಂದ ಸರಿಯಾಗಿತ್ತು. ಸೂರು ಸೋರುತ್ತಿಲ್ಲವೆಂದು ಹೆಂಚು ತೆಗೆಯುವವರುಂಟೆ? ಆದರೆ ಕಾಯಿಲೆಯ ಸ್ವಭಾವವೇ ಹಾಗೆ: ಮದ್ದು ಬಿಟ್ಟವನನ್ನು ಅಂದೇ ದಂಡಿಸುವುದಿಲ್ಲ, ಬಿಡದವನನ್ನು ಅಂದೇ ಬಹುಮಾನಿಸುವುದೂ ಇಲ್ಲ.

ಬುದ್ಧಿ ಹೇಳಿದರೆ ಜನ ಸರಿಯಾಗಿ ನುಂಗುತ್ತಾರೆಯೇ? 1970ರ ದಶಕದಲ್ಲಿ ಕೆನಡದ ಹ್ಯಾಮಿಲ್ಟನ್ ನಗರದಲ್ಲಿ ಡೇವಿಡ್ ಸ್ಯಾಕೆಟ್, ಬ್ರಯನ್ ಹೇನ್ಸ್ ಮೊದಲಾದ ವೈದ್ಯರು ಇದನ್ನೇ ಪರೀಕ್ಷೆಗೆ ಹಚ್ಚಿದರು. ಉಕ್ಕಿನ ಕಾರ್ಖಾನೆಯ 230 ಕೆಲಸಗಾರರು, ಎಲ್ಲರಿಗೂ ಒತ್ತಡ. ಕೆಲವರಿಗೆ ಕಾರ್ಖಾನೆಯಲ್ಲೇ ವೈದ್ಯರನ್ನು ಒದಗಿಸಿದರು. ಕೆಲವರಿಗೆ ಒತ್ತಡವೆಂದರೇನು, ಬಿಟ್ಟರೆ ಏನಾಗುತ್ತದೆ ಎಂದು ಚೆನ್ನಾಗಿ ಪಾಠ ಹೇಳಿದರು. ಪಾಠ ಕಲಿತವರು ಪರೀಕ್ಷೆಯಲ್ಲಿ ಸರಿಯಾಗಿ ಉತ್ತರ ಕೊಟ್ಟರು. ಗುಳಿಗೆ ಎಣಿಸಿ ನೋಡಿದರೆ ಮಾತ್ರ, ಪಾಠ ಕೇಳದವರಿಗಿಂತ ಒಂದು ಗುಳಿಗೆಯೂ ಹೆಚ್ಚು ನುಂಗಿರಲಿಲ್ಲ! 1975ರಲ್ಲಿ ಇದು ಪ್ರಕಟವಾಯಿತು. ರೇಡಿಯೋದಲ್ಲಿ ಆರೋಗ್ಯ ಭಾಷಣ ಮಾಡುವ ನಮ್ಮಂಥವರು ಇದನ್ನು ಓದಿ ತಲೆ ತಗ್ಗಿಸಬೇಕಾದದ್ದೇ.

ಅವರು ಅಲ್ಲಿಗೆ ಬಿಡಲಿಲ್ಲ. ತಪ್ಪಿಸುತ್ತಿದ್ದ 38 ಮಂದಿಯನ್ನು ಆರಿಸಿ, ಅರ್ಧ ಜನರಿಗೆ ತಮ್ಮ ಒತ್ತಡವನ್ನು ತಾವೇ ಅಳೆದುಕೊಳ್ಳಲು ಕಲಿಸಿದರು, ಒತ್ತಡವನ್ನೂ ನುಂಗಿದ ಗುಳಿಗೆಯನ್ನೂ ಹಾಳೆಯಲ್ಲಿ ಗುರುತು ಹಾಕಲು ಹೇಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ತಪ್ಪದೆ ಮಾಡುವ ಯಾವುದಾದರೊಂದು ಕೆಲಸಕ್ಕೆ ಗುಳಿಗೆಯನ್ನು ಗಂಟುಹಾಕಿಸಿದರು. ಹದಿನೈದು ದಿನಕ್ಕೊಮ್ಮೆ ಕರೆದು ವಿಚಾರಿಸಿದರು. ಆರು ತಿಂಗಳಲ್ಲಿ ಇವರ ಪಾಲನೆ ಶೇಕಡ 21ರಷ್ಟು ಏರಿತು. ಉಳಿದ ಅರ್ಧ ಜನರದು ಏರಲೇ ಇಲ್ಲ. ನೆನಪೆಂಬುದು ತಲೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮನೆಯ ವ್ಯವಸ್ಥೆಯಲ್ಲಿ ಇರುತ್ತದೆಂದು ನನಗೆ ಮನವರಿಕೆಯಾದದ್ದು ಈ ಪ್ರಯೋಗದಿಂದ.

ಗಂಡ ಹೆಂಡಿರ ಜಗಳದ ಮಾತು ಹೇಳಿದೆನಲ್ಲ, ಅದು ಒತ್ತಡದ ಗುಳಿಗೆಯದಲ್ಲ, ಸಂತಾನ ನಿಯಂತ್ರಣದ ಗುಳಿಗೆಯದು. ಆದರೂ ನಮ್ಮ ಕಥೆಗೆ ಸೇರಿದ್ದೇ. 1961ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಡೇವಿಡ್ ವ್ಯಾಗ್ನರ್ ಎಂಬ ಎಂಜಿನಿಯರ್ ಇದ್ದರು, ನಾಲ್ಕು ಮಕ್ಕಳ ತಂದೆ. ಇವತ್ತು ಗುಳಿಗೆ ತೆಗೆದುಕೊಂಡೆಯಾ ಎಂದು ಅವರು ಹೆಂಡತಿಯನ್ನು ದಿನವೂ ಕೇಳುವುದು, ಆಕೆ ಸಿಡಿಮಿಡಿಗೊಳ್ಳುವುದು, ಹೀಗೆ ನಡೆದಿತ್ತು. ಕೊನೆಗೆ ಅವರು ಒಂದು ಕಾಗದದ ಮೇಲೆ ವಾರದ ದಿನಗಳನ್ನು ಬರೆದು, ಒಂದೊಂದು ದಿನದ ಮೇಲೆ ಒಂದೊಂದು ಗುಳಿಗೆ ಇಟ್ಟರು. ಗುಳಿಗೆ ಇಲ್ಲದಿದ್ದರೆ ನುಂಗಿದ್ದಾಯಿತು ಎಂದರ್ಥ. ಕೆಲವು ದಿನಗಳಲ್ಲಿ ಏನೋ ತಗುಲಿ ಎಲ್ಲವೂ ನೆಲದ ಪಾಲಾದವು. ಆಗ ಪ್ಲಾಸ್ಟಿಕ್ ಹಾಳೆ ಕೊರೆದು, ದಿನಕ್ಕೊಂದರಂತೆ ಗುಳಿಗೆ ಹೊರಬರುವ ದುಂಡನೆಯ ಡಬ್ಬಿಯನ್ನು ಮಾಡಿದರು. 1963ರಲ್ಲಿ ಒಂದು ಔಷಧ ಕಂಪನಿ ಅಂಥದೇ ಡಬ್ಬಿಯನ್ನು ಮಾರುಕಟ್ಟೆಗೆ ತಂದಿತು. ಏಳು ಗೂಡಿನ ಗುಳಿಗೆ ಡಬ್ಬಿಗಳೂ, ದಿನಗಳ ಹೆಸರು ಮುದ್ರಿಸಿದ ಪಟ್ಟಿಗಳೂ ಇದೇ ವಿಚಾರದ ಬಂಧುಗಳು.

ಆ ಮೇಲಿನ ಔಷಧಗಳ ಕಥೆ ದೊಡ್ಡದು. ಜೇಮ್ಸ್ ಬ್ಲ್ಯಾಕರ ಪ್ರೊಪ್ರನಲಾಲ್, ಬ್ರೆಜಿಲ್ ದೇಶದ ಒಂದು ಹಾವಿನ ವಿಷದಿಂದ ಸುಳಿವು ದೊರೆತು ಹುಟ್ಟಿದ ಕ್ಯಾಪ್ಟೊಪ್ರಿಲ್, ಹೀಗೆ ಒಂದರ ಹಿಂದೆ ಒಂದು ಬಂದವು. ಮೊದಲು ದಿನಕ್ಕೆ ಮೂರು ಹೊತ್ತು, ಆಮೇಲೆ ಎರಡು, ಆಮೇಲೆ ಒಂದು. ಇಂದು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಆಮ್ಲೋಡಿಪಿನ್ ನುಂಗಿದ ಮೇಲೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಒಂದು ದಿನ ತಪ್ಪಿದರೆ ಕೂಡಲೇ ಆಕಾಶ ಬೀಳದು, ಮರುದಿನ ಎರಡು ನುಂಗುವ ಅಗತ್ಯವೂ ಇಲ್ಲ. ಎಲ್ಲ ಗುಳಿಗೆಗಳೂ ಹಾಗಲ್ಲ: ಕ್ಲೋನಿಡಿನ್ ಎಂಬುದನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಪುಟಿದೇಳುತ್ತದೆ. ತಮ್ಮ ಗುಳಿಗೆ ಯಾವ ಜಾತಿಯದೆಂದು ವೈದ್ಯರನ್ನು ಕೇಳಿ ತಿಳಿದಿರುವುದು ಒಳ್ಳೆಯದು.

ಇಷ್ಟೆಲ್ಲ ಸುಲಭವಾದ ಮೇಲೂ ಜನ ಬಿಡುವುದು ನಿಲ್ಲಲಿಲ್ಲ. ತೆರೆದ ಹೊತ್ತನ್ನು ತಾನೇ ಗುರುತಿಟ್ಟುಕೊಳ್ಳುವ ಮುಚ್ಚಳಗಳುಳ್ಳ ಸೀಸೆಗಳು ಬಂದವು. ಅಂಥ ಸೀಸೆಗಳಿಂದ 4,783 ರೋಗಿಗಳ ಲೆಕ್ಕ ತೆಗೆದು 2008ರಲ್ಲಿ ಪ್ರಕಟಿಸಿದರು. ಒಂದು ವರ್ಷ ತುಂಬುವುದರೊಳಗೆ ಸುಮಾರು ಅರ್ಧದಷ್ಟು ಜನ ಔಷಧವನ್ನೇ ಬಿಟ್ಟಿದ್ದರು. ಬಿಡದೆ ಇದ್ದವರಲ್ಲೂ ಯಾವುದೇ ಒಂದು ದಿನ ಹತ್ತು ಗುಳಿಗೆಯಲ್ಲಿ ಒಂದು ತಪ್ಪುತ್ತಿತ್ತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಈ ಕಷ್ಟಕ್ಕೆ ಒಂದು ದಾರಿ ಹುಡುಕಿದವರ ಸಾಲಿನಲ್ಲಿದ್ದಾರೆ: ಒತ್ತಡದ ಮೂರು ಔಷಧ, ಕೊಬ್ಬಿನದೊಂದು, ಆಸ್ಪಿರಿನ್, ಈ ಐದನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಭಾರತದ 50 ಕೇಂದ್ರಗಳ 2,053 ಮಂದಿಯಲ್ಲಿ ನಡೆಸಿದ ಪರೀಕ್ಷೆಯ ಫಲ 2009ರಲ್ಲಿ ಹೊರಬಂತು. ಐದು ನೆನಪುಗಳ ಬದಲು ಒಂದು ನೆನಪು.

ಬೆಳಗ್ಗೆಯೋ ರಾತ್ರಿಯೋ ಎಂಬ ಚರ್ಚೆಯೂ ಬಹಳ ದಿನ ನಡೆಯಿತು. ಬ್ರಿಟನ್ನಿನಲ್ಲಿ 21,104 ಮಂದಿಯನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆ ಹೇಳಿದ್ದು ಇಷ್ಟು: ಹೃದಯಾಘಾತ, ಪಾರ್ಶ್ವವಾಯುಗಳ ಮಟ್ಟಿಗೆ ಎರಡು ಹೊತ್ತಿಗೂ ವ್ಯತ್ಯಾಸವಿಲ್ಲ. ವೈದ್ಯರು ಬೇರೆ ಏನಾದರೂ ಹೇಳಿರದಿದ್ದರೆ, ನಿಮಗೆ ನೆನಪಿರುವ ಹೊತ್ತೇ ಒಳ್ಳೆಯ ಹೊತ್ತು.

ನಮ್ಮ ಅಕ್ಕ ಇದಾವುದನ್ನೂ ಓದಿದವಳಲ್ಲ. ಅವಳ ಗುಳಿಗೆಯ ಪಟ್ಟಿ ರಂಗೋಲಿ ಡಬ್ಬದ ಪಕ್ಕದಲ್ಲಿರುತ್ತದೆ. ಬೆಳಗ್ಗೆ ಹೊಸಿಲ ಮುಂದೆ ರಂಗೋಲಿ ಇಟ್ಟು, ಕೈ ತೊಳೆದು, ಗುಳಿಗೆ ನುಂಗುತ್ತಾಳೆ. ನುಂಗಿದೆನೋ ಇಲ್ಲವೋ ಎಂಬ ಸಂಶಯ ಬಂದರೆ ಬಾಗಿಲಿಗೆ ಬಂದು ನೋಡಿದರಾಯಿತು. “ಮಳೆ ಬಂದು ತೊಳೆದುಹೋದರೆ?” ಎಂದು ಕೇಳಿದೆ. ಪಟ್ಟಿಯನ್ನು ತಿರುಗಿಸಿ ತೋರಿಸಿದಳು. ಒಂದೊಂದು ಗುಳಿಗೆಯ ಬೆನ್ನಿಗೂ ಪೆನ್ನಿನಲ್ಲಿ ಸೋ, ಮಂ, ಬು ಎಂದು ಬರೆದಿದ್ದಳು. ಪಟ್ಟಿಯಲ್ಲಿ ಹತ್ತು ಗುಳಿಗೆ, ವಾರಕ್ಕೆ ಏಳೇ ದಿನ, ಹೊಂದುವುದಿಲ್ಲವಲ್ಲ ಎಂದೆ.

“ಹೊಂದದಿದ್ದರೇನೋ? ಸೋಮವಾರ ಶುರುಮಾಡಿದ್ದು ಮುಂದಿನ ವಾರದ ಬುಧವಾರಕ್ಕೆ ಮುಗಿಯುತ್ತೆ. ಅವತ್ತು ಅಂಗಡಿಗೆ ಹೋಗಬೇಕು ಅಂತ ಗೊತ್ತಾಗುತ್ತೆ” ಎಂದಳು.